ಗಾಳಿ ಅಂಚೆಯ ನಾಲ್ಕನೇ ಸಂಚಿಕೆ

ಜೂನ್ 3, ಮಂಗಳವಾರ

ದಿನಕ್ಕೊಂದು ಪುಟ ಬರೆಯಬೇಕಂತೆ. ಅಕ್ಷರದ ಡಾಕ್ಟರಮ್ಮನ ಅಪ್ಪಣೆ. ಆಕೆ ನಿಜವಾಗಿ ಡಾಕ್ಟರಲ್ಲ. ಮಾತು ಹೋದವರಿಗೆ ಮಾತು, ಓದು ಹೋದವರಿಗೆ ಓದು ಮರಳಿ ಕಲಿಸಲು ಆಸ್ಪತ್ರೆಯವರು ಇಟ್ಟುಕೊಂಡಿರುವ ಹುಡುಗಿ, ನನ್ನ ಮಗಳಿಗಿಂತ ಚಿಕ್ಕವಳು. ಆದರೆ ಬಣ್ಣಬಣ್ಣದ ಕಾರ್ಡುಗಳು ಇರುವುದು ಅವಳ ಕೈಯಲ್ಲಿ, ಎದುರಿನ ಸ್ಟೂಲಿನ ಮೇಲೆ ಕೈಕಟ್ಟಿ ಕೂರುವವನು ನಾನು. ಹಾಗಾಗಿ ಅವಳು ಡಾಕ್ಟರಮ್ಮ.

ನನಗೆ ಬರೆಯಲು ಬರುತ್ತದೆ, ಓದಲು ಬರುವುದಿಲ್ಲ. ಯಾರಿಗೆ ಹೇಳಿದರೂ ತಮಾಷೆ ಮಾಡುತ್ತಿದ್ದೇನೆ ಅಂದುಕೊಳ್ಳುತ್ತಾರೆ. ಈಗ ತಾನೇ ಬರೆದ ಸಾಲನ್ನು ಪೆನ್ನು ಎತ್ತಿ ನೋಡಿದರೆ ಇರುವೆಗಳು ಸಾಲು ಕಟ್ಟಿ ಹೊರಟಂತೆ ಕಾಣುತ್ತದೆ. ಅಂಕಿಗಳು ಮಾತ್ರ ನನ್ನನ್ನು ಕೈಬಿಟ್ಟಿಲ್ಲ, ಅದಕ್ಕೇ ಮೇಲಿನ ತಾರೀಕಿನ ಬಗ್ಗೆ ಧೈರ್ಯವಿದೆ. ಒಂದು ಸಾಲು ಇನ್ನೊಂದರ ಮೇಲೆ ಹತ್ತದಿರಲೆಂದು ಹೆಂಡತಿ ದಪ್ಪ ಪೆನ್ನಿನಲ್ಲಿ ಗೆರೆ ಎಳೆದುಕೊಟ್ಟಿದ್ದಾಳೆ.

ಹದಿನೆಂಟು ದಿನಗಳ ಹಿಂದೆ ಬೆಳಿಗ್ಗೆ ಎದ್ದು ಪೇಪರು ಬಿಡಿಸಿದೆ. ಒಂದಕ್ಷರವೂ ಗುರುತು ಸಿಗಲಿಲ್ಲ. ಬೇರೆ ಯಾವುದೋ ಭಾಷೆಯ ಪೇಪರು ಹಾಕಿಹೋಗಿದ್ದಾನೆಂದು ಪೇಪರಿನವನಿಗೆ ಬೈಯಲು ಫೋನು ಎತ್ತಿಕೊಂಡೆ. "ರೀ, ಇದು ದಿನಾ ಬರೋ ಪೇಪರೇ" ಅಂದಳು ಹೆಂಡತಿ. ಆಮೇಲೆ ಆಂಬುಲೆನ್ಸು, ಸ್ಕ್ಯಾನು, ದೊಡ್ಡ ಡಾಕ್ಟರು. ಮಿದುಳಿನ ಹಿಂಭಾಗದಲ್ಲಿ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡಿತ್ತಂತೆ. ಕಣ್ಣು ಸರಿಯಿದೆ, ಕೈ ಸರಿಯಿದೆ. ಕಣ್ಣಿಗೆ ಬಿದ್ದ ಅಕ್ಷರವನ್ನು ಗುರುತು ಹಿಡಿಯುವ ದಾರಿ ಮುಚ್ಚಿದೆ. ಜೊತೆಗೆ ಬಲಗಡೆಯ ನೋಟ ಅರ್ಧ ಮಾಯ. ಬಾಗಿಲಿನ ಬಲ ಚೌಕಟ್ಟು ದಿನಕ್ಕೆರಡು ಸಲ ನನ್ನ ಭುಜವನ್ನು ಮಾತಾಡಿಸುತ್ತದೆ.

ನಾನು ಔಷಧ ಅಂಗಡಿಯವನು. ಮೂವತ್ತೊಂದು ವರ್ಷ ಈ ಊರಿನ ಡಾಕ್ಟರುಗಳ ಕೋಳಿ ಕೆದರಿದಂಥ ಬರವಣಿಗೆಯನ್ನು ಓದಿದವನು. ತಾನು ಬರೆದದ್ದೇನೆಂದು ತಿಳಿಯದೆ ಡಾಕ್ಟರೇ ನನಗೆ ಫೋನು ಮಾಡಿ ಕೇಳಿದ್ದುಂಟು. ಈಗ ಕೆಮ್ಮಿನ ಬಾಟಲಿಗೂ ಕಿವಿಯ ಹನಿಗೂ ನನಗೆ ವ್ಯತ್ಯಾಸ ತಿಳಿಯುವುದಿಲ್ಲ. ಮರಳುವುದೆಲ್ಲ ಹೆಚ್ಚುಕಮ್ಮಿ ಮೂರು ತಿಂಗಳೊಳಗೆ ಮರಳುತ್ತದೆ, ಆಮೇಲೆ ಕಷ್ಟ ಎಂದಿದ್ದಾರೆ ದೊಡ್ಡ ಡಾಕ್ಟರು. ಅಂದರೆ ಆಗಸ್ಟ್ ಮಧ್ಯದವರೆಗೆ. ಅಷ್ಟರಲ್ಲಿ ಓದು ಬಾರದಿದ್ದರೆ ನಾನು ಮತ್ತೆ ಆ ಕೌಂಟರಿನ ಹಿಂದೆ ನಿಲ್ಲುವಂತಿಲ್ಲ. ಸದ್ಯಕ್ಕೆ ಬಾಮೈದ ನಿಂತಿದ್ದಾನೆ. ಅವನೂ ಇದೇ ಓದು ಓದಿದವನು, ಕೈ ಮಾತ್ರ ನಿಧಾನ.

ಜೂನ್ 4, ಬುಧವಾರ

ಪೇಪರಿನವನಿಗೆ ಬೈಯಲು ಹೊರಟ ಕಥೆ ಬರೆದೆನೋ ಇಲ್ಲವೋ ನೆನಪಿಲ್ಲ. ಹಿಂದಿನ ಪುಟ ತಿರುಗಿಸಿದರೂ ಪ್ರಯೋಜನವಿಲ್ಲ. ಬರೆದಿಲ್ಲವಾದರೆ ಇಲ್ಲಿರಲಿ: ಅದು ದಿನಾ ಬರುವ ಪೇಪರೇ ಆಗಿತ್ತು.

ಮತ್ತೇನೂ ಇಲ್ಲ.

ಜೂನ್ 9, ಸೋಮವಾರ

ಡಾಕ್ಟರಮ್ಮನ ಕಾರ್ಡುಗಳನ್ನು ಕಂಡರೆ ತಲೆ ಚಿಟ್ಟು ಹಿಡಿಯುತ್ತದೆ. ಮರದ ಚಿತ್ರ, ಕೆಳಗೆ ಏನೋ ಗೀಚು. ಬೆಕ್ಕಿನ ಚಿತ್ರ, ಕೆಳಗೆ ಏನೋ ಗೀಚು. "ನಾನು ಎಲ್‌ಕೆಜಿಗೆ ಸೇರಿದ್ದೀನೇನಮ್ಮಾ?" ಅಂದೆ. ಅವಳು ಬೇಸರಪಟ್ಟುಕೊಳ್ಳಲಿಲ್ಲ. "ಸರ್, ನಿಮಗಿಷ್ಟವಾದ ಚಿತ್ರಕಥೆ ಪುಸ್ತಕ ಯಾವುದಾದರೂ ಮನೇಲಿದ್ರೆ ಅದನ್ನೇ ತನ್ನಿ" ಅಂದಳು.

ಇದೆಯೇ ಎಂದು ಕೇಳುತ್ತಾಳೆ! ಹೆಂಡತಿ ಸ್ಟೂಲು ಹತ್ತಿ ಅಟ್ಟದಿಂದ ಕೆಮ್ಮಿನ ಔಷಧದ ಹಳೆಯ ರಟ್ಟಿನ ಪೆಟ್ಟಿಗೆ ಇಳಿಸಿದಳು. ಅದರೊಳಗೆ ಗಾಳಿ ಅಂಚೆ, ಹನ್ನೆರಡು ಸಂಚಿಕೆ. ಐದು ವರ್ಷವಾಗಿತ್ತು ನೋಡಿ. ಪುಟಗಳು ಬಿಸ್ಕತ್ತಿನ ಬಣ್ಣಕ್ಕೆ ತಿರುಗಿವೆ, ವಾಸನೆ ಮಾತ್ರ ಹಾಗೇ ಇದೆ.

ನೀಲಿ ಟೋಪಿಯ ಅಂಚೆಯವ. ಕೆಮ್ಮುತ್ತಾ ಹಾರುವ ಅವನ ಪುಟ್ಟ ವಿಮಾನ. ಒಂದೇ ಕಿವಿಯ ನಾಯಿ. ಯಾರೂ ಹೋಗಲಾರದ ದ್ವೀಪಕ್ಕೂ ಗುಡ್ಡಕ್ಕೂ ಕಾಗದ ತಲುಪಿಸುವುದು ಅವನ ಕೆಲಸ. ದಾರಿಯಲ್ಲಿ ಅದನ್ನು ಕಿತ್ತುಕೊಂಡು ಊರವರ ಗುಟ್ಟೆಲ್ಲ ಓದಲು ಹೊಂಚು ಹಾಕುವವನು ಉಗುರು ಸಾಹೇಬ. ಅಚ್ಚಿನ ಮನೆಯವರ ಅಜಾಗರೂಕತೆಯಿಂದ ಟೋಪಿಯ ನೀಲಿ ಯಾವಾಗಲೂ ಟೋಪಿಯ ಗೆರೆಯಿಂದ ಅರ್ಧ ಬೆರಳು ಆಚೆಗಿರುತ್ತದೆ. ಚಿಕ್ಕವನಿದ್ದಾಗ ಅದು ಅವನು ವೇಗವಾಗಿ ಹಾರುವುದರಿಂದ ಆಗುವುದು ಎಂದು ನಂಬಿದ್ದೆ. ಈಗಲೂ ಅರ್ಧ ನಂಬುತ್ತೇನೆ.

ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕೂತವನು ಸಂಜೆಯ ತನಕ ಏಳಲಿಲ್ಲ. ಮೂರು ವಾರದಲ್ಲಿ ಮೊದಲ ಸಲ ಖುಷಿಯಾಯಿತು.

ಜೂನ್ 10, ಮಂಗಳವಾರ

ನಾಲ್ಕನೇ ಸಂಚಿಕೆಯೇ ಎಲ್ಲಕ್ಕಿಂತ ಮೇಲು. ಹಿಮದ ಗುಡ್ಡದಾಚೆಯ ಊರಿಗೆ ಜ್ವರ ಬಡಿದಿದೆ, ಅಂಚೆಯವ ಔಷಧದ ಪೊಟ್ಟಣ ಹೊತ್ತು ಹೊರಡುತ್ತಾನೆ. ನಾನು ಈ ಕಸುಬಿಗೆ ಬಂದದ್ದು ಅದರಿಂದಲೇ ಎಂದು ಹೆಂಡತಿ ಕೆಣಕುತ್ತಾಳೆ. ಇದ್ದರೂ ಇರಬಹುದು.

ಅದನ್ನು ಮೊದಲು ನನಗೆ ಓದಿ ಹೇಳಿದವಳು ಅಕ್ಕ. ನನಗೆ ಆಗ ಆರು, ಅವಳಿಗೆ ಹನ್ನೊಂದು. ಅಮ್ಮನನ್ನು ದೂರದ ಆಸ್ಪತ್ರೆಗೆ ಸೇರಿಸಿದ್ದರು, ಅಪ್ಪ ಅವಳ ಜೊತೆಗಿದ್ದರು. ನಾವಿಬ್ಬರು ಚಿಕ್ಕಪ್ಪನ ಮನೆಯಲ್ಲಿ. ಚಿಕ್ಕಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದ. ಸಮಾಧಾನ ಮಾಡುವುದು ಗೊತ್ತಿಲ್ಲದ ಮನುಷ್ಯ, ಅದರ ಬದಲು ಈ ಪುಸ್ತಕಗಳನ್ನು ಒಂದೊಂದಾಗಿ ತಂದು ನಮ್ಮ ಮುಂದೆ ಹಾಕುತ್ತಿದ್ದ. ಅವನ ಮೇಜಿನ ಕೆಳಗೆ ಅಕ್ಕನೂ ನಾನೂ ತಲೆಗೆ ತಲೆ ಕೊಟ್ಟು ಮಲಗುತ್ತಿದ್ದೆವು. ಮೇಲೆ ನೂರು ಗಡಿಯಾರಗಳ ಟಿಕ್ ಟಿಕ್. ಅಕ್ಕ ಓದುತ್ತಿದ್ದಳು, ನಾನು ಪುಟ ತಿರುವುತ್ತಿದ್ದೆ.

ಮೂರನೇ ಪುಟದ ಕೊನೆಯ ಚೌಕ ನನಗೆ ಪ್ರಾಣ. ಅಂಚೆಯವ ಮನೆಯಿಂದ ಹೊರಡುತ್ತಾನೆ, ಅವನ ತಾಯಿ ಹೊಸ್ತಿಲಲ್ಲಿ ನಿಂತು ಹೇಳುತ್ತಾಳೆ: "ಹೋಗಿ ಬಾ ಮಗನೇ. ನೀನು ಬರುವವರೆಗೆ ಬಾಗಿಲು ತೆರೆದಿಟ್ಟು ಇಲ್ಲೇ ಕೂತಿರುತ್ತೇನೆ." ಆ ನಾಲ್ಕು ತಿಂಗಳು ನಾನು ರಂಪ ಮಾಡದೆ ಕಳೆದದ್ದು ಈ ಮಾತಿನ ಬಲದಿಂದ. ಹೋದವನಿಗಾಗಿ ತಾಯಿ ಕಾಯುತ್ತಾಳಾದರೆ ಹೋದ ತಾಯಿಯೂ ಬರಲೇಬೇಕು, ಇದು ನನ್ನ ಲೆಕ್ಕ. ಅಮ್ಮ ಬಂದಳು ಕೂಡ. ಬಂದು ಮತ್ತೆ ನಲವತ್ತು ವರ್ಷ ಬದುಕಿ, ನನಗೂ ಅಕ್ಕನಿಗೂ ಸಾಕುಸಾಕಾಗುವಷ್ಟು ಬುದ್ಧಿ ಹೇಳಿಯೇ ಹೋದಳು.

ಜೂನ್ 15, ಭಾನುವಾರ

ಓದಿದೆ! ನಾಲ್ಕನೇ ಸಂಚಿಕೆ, ಮೊದಲಿಂದ ಕೊನೆಯವರೆಗೆ, ಗಟ್ಟಿಯಾಗಿ, ಎಲ್ಲೂ ತಡವರಿಸದೆ. ಹೆಂಡತಿ ಬಟ್ಟೆ ಮಡಚುತ್ತಿದ್ದವಳು ಅಂಗಿಯನ್ನು ಎದೆಗವಚಿಕೊಂಡು ನಿಂತುಬಿಟ್ಟಳು. ಉಗುರು ಸಾಹೇಬನ ನಗೆಯನ್ನೂ ನಕ್ಕು ತೋರಿಸಿದೆ. ಅವಳು ತಕ್ಷಣ ಅಕ್ಕನಿಗೆ ಫೋನು ಮಾಡಿದಳು. ಅಕ್ಕ ಬೇರೆ ಊರಿನಲ್ಲಿದ್ದಾಳೆ, ಹೊಲಿಗೆ ಟೀಚರಾಗಿದ್ದು ನಿವೃತ್ತಳಾದವಳು. ನಾಲಗೆ ಮಾತ್ರ ನಿವೃತ್ತವಾಗಿಲ್ಲ.

"ಯಾವ ಪುಸ್ತಕ ಓದಿದ್ಯೋ?" ಅಂದಳು.

"ನಾಲ್ಕನೇದು ಅಕ್ಕ. ಹಿಮದ ಗುಡ್ಡ."

"ಐವತ್ತೊಂದು ವರ್ಷ ಆಯ್ತು, ಇನ್ನೂ ಅದನ್ನೇ ಹಿಡ್ಕೊಂಡಿದ್ದೀಯಲ್ಲೋ ಮಾರಾಯ" ಎಂದು ಮಾತು ಬದಲಿಸಿದಳು.

ಹಿಡಿದುಕೊಂಡಿದ್ದೇನೆ, ನಿಜ. ಆದರೆ ಪ್ರತಿ ಸಲ ಬೇರೆಬೇರೆ ತುದಿಯಿಂದ. ಒಂಬತ್ತರಲ್ಲಿ ನನಗೆ ವಿಮಾನದ ಬೋಲ್ಟುಗಳು ಮುಖ್ಯ, ಎಣಿಸಿ ಬರೆದಿಟ್ಟಿದ್ದೆ. ಹದಿನಾರರಲ್ಲಿ ಇದನ್ನು ಓದುವುದು ಅವಮಾನ ಎಂದು ರಸಾಯನಶಾಸ್ತ್ರದ ಪುಸ್ತಕದೊಳಗೆ ಇಟ್ಟು ಓದುತ್ತಿದ್ದೆ, ಮತ್ತು ಗುಟ್ಟಾಗಿ ಉಗುರು ಸಾಹೇಬನ ಪಕ್ಷ ವಹಿಸಿದ್ದೆ. ಮೂವತ್ಮೂರರಲ್ಲಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಓದುವಾಗ, ಪ್ರತಿ ಸಂಚಿಕೆಯಲ್ಲೂ ವಿಮಾನ ರಿಪೇರಿ ಮಾಡಿ ಕಳಿಸಿ ತಾನು ಮಾತ್ರ ಒಮ್ಮೆಯೂ ಹಾರದ ಆ ಮೆಕ್ಯಾನಿಕ್ ಕಣ್ಣಿಗೆ ಬಿದ್ದ. ಅಲ್ಲಿಯವರೆಗೆ ಅವನು ಚಿತ್ರದಲ್ಲಿದ್ದಾನೆಂಬುದೇ ತಿಳಿದಿರಲಿಲ್ಲ. ಈಗ ಐವತ್ತೇಳರಲ್ಲಿ ನನಗೆ ಇಷ್ಟವಾಗಿರುವುದು ನಾಯಿ. ಅದು ಏನನ್ನೂ ಓದುವುದಿಲ್ಲ, ಆದರೂ ಅಂಚೆ ಇಲಾಖೆಯಲ್ಲಿದೆ.

ಬಾಮೈದನಿಗೆ ಹೇಳಿ ಕಳಿಸಿದ್ದೇನೆ, ಅಂಗಡಿಯ ನನ್ನ ಕುರ್ಚಿಯ ಧೂಳು ಒರೆಸಿಡು ಎಂದು.

ಜೂನ್ 20, ಶುಕ್ರವಾರ

ಡಾಕ್ಟರಮ್ಮನ ಮುಂದೆ ಎದೆಯುಬ್ಬಿಸಿ ಓದಿದೆ. ಅವಳು ಕೇಳಿದಳು, ಚಪ್ಪಾಳೆ ತಟ್ಟಲಿಲ್ಲ. ಒಂದು ಕಾಗದದಲ್ಲಿ ಸಣ್ಣ ಕಿಂಡಿ ಕತ್ತರಿಸಿ ಪುಟದ ಮೇಲಿಟ್ಟಳು. ಚಿತ್ರವೆಲ್ಲ ಮುಚ್ಚಿಹೋಯಿತು, ಕಿಂಡಿಯಲ್ಲಿ ಒಂದು ಮಾತಿನ ಗುಳ್ಳೆ ಮಾತ್ರ.

"ಇದನ್ನ ಓದಿ ಸರ್."

ಇರುವೆಗಳು. ಬರೀ ಇರುವೆಗಳು. ಯಾರ ಮಾತು, ಯಾವ ಪುಟ, ಒಂದೂ ತಿಳಿಯಲಿಲ್ಲ. ಇಂಗು ತಿಂದ ಮಂಗನ ಹಾಗೆ ಕೂತಿದ್ದೆ.

"ನೀವು ಓದ್ತಿಲ್ಲ ಸರ್. ಚಿತ್ರ ನೋಡಿ ನೆನಪು ಮಾಡ್ಕೊಳ್ತಿದ್ದೀರ" ಅಂದಳು, ತುಂಬಾ ಮೆತ್ತಗೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಬರುವಾಗ ಹೆಂಡತಿ ನನ್ನ ಬಲಗಡೆ ನಡೆದಳು, ನಾನು ಯಾರಿಗೂ ಡಿಕ್ಕಿ ಹೊಡೆಯದಿರಲೆಂದು.

ಜೂನ್ 21, ಶನಿವಾರ

ಬರೆಯಲು ಏನೂ ಇಲ್ಲ. ಪೆಟ್ಟಿಗೆ ಅಟ್ಟಕ್ಕೆ ಹೋಯಿತು.

ಜುಲೈ 1, ಮಂಗಳವಾರ

ಇದನ್ನು ಬರೆಯಲೇಬೇಕು, ನಾಳೆ ನಾನೇ ಸುಳ್ಳು ಹೇಳಿಕೊಳ್ಳಬಾರದು.

ಮಧ್ಯಾಹ್ನ ಸುಮ್ಮನೆ ಅಂಗಡಿಗೆ ಹೋಗಿದ್ದೆ. "ಭಾವ, ಊಟ ಮಾಡ್ಕೊಂಡು ಓಡಿ ಬರ್ತೀನಿ. ಯಾರಾದ್ರೂ ಬಂದ್ರೆ ಕೂರಿಸಿ, ನೀವು ಏನೂ ಕೊಡ್ಬೇಡಿ" ಎಂದು ಬಾಮೈದ ಹೋದ. ಅಷ್ಟರಲ್ಲಿ ಮೂಲೆಮನೆಯ ಪೋಸ್ಟ್ ಮಾಸ್ತರರ ಮಗಳು ಬಂದಳು. ಅವಳ ತಂದೆಯ ರಕ್ತದೊತ್ತಡದ ಮಾತ್ರೆ, ಹತ್ತು ವರ್ಷದಿಂದ ನಾನೇ ಕೊಟ್ಟದ್ದು. ಎಡಗಡೆ ಕಪಾಟು, ಮೂರನೇ ಸಾಲು, ಹಸಿರು ಪಟ್ಟಿಯ ಡಬ್ಬಿ. ಇದಕ್ಕೆ ಓದು ಬೇಕೇ? ಕೈ ತಾನಾಗಿ ಹೋಯಿತು. ಎರಡು ಪಟ್ಟಿ ಮಾತ್ರೆ ಕೊಟ್ಟು, "ಅಪ್ಪನ್ನ ಕೇಳ್ದೆ ಅಂತ ಹೇಳಮ್ಮ" ಎಂದೂ ಹೇಳಿದೆ.

ಅವಳು ಮೆಟ್ಟಿಲು ಇಳಿಯುವಾಗ ಬಾಮೈದ ಎದುರಾದ. ಅವಳ ಕೈಯಿಂದ ಮಾತ್ರೆ ತೆಗೆದುಕೊಂಡು ನೋಡಿದ. ಅವನ ಮುಖ ಬಿಳಿಚಿಕೊಂಡಿತು. ಕಂಪನಿಯವರು ಹೋದ ತಿಂಗಳು ಡಬ್ಬಿಯ ಬಣ್ಣ ಬದಲಿಸಿದ್ದಾರಂತೆ; ಹಸಿರು ಪಟ್ಟಿಯದು ಈಗ ಸಕ್ಕರೆ ಕಾಯಿಲೆಯ ಮಾತ್ರೆ. ಸಕ್ಕರೆ ಕಾಯಿಲೆ ಇಲ್ಲದ ಎಂಬತ್ತರ ಮುದುಕ ಅದನ್ನು ನುಂಗಿದ್ದರೆ ಕೂತಲ್ಲೇ ಕುಸಿಯುತ್ತಿದ್ದ.

ಬಾಮೈದ ಅವಳಿಗೆ ಸರಿಯಾದ ಮಾತ್ರೆ ಕೊಟ್ಟು ಕಳಿಸಿದ. ನನಗೆ ನೀರು ತಂದುಕೊಟ್ಟ. ಕುಡಿಯದೆ ನನ್ನ ಕೈಯನ್ನೇ ನೋಡುತ್ತಾ ಕೂತೆ. ಇಡೀ ಊರು ಕಣ್ಣುಮುಚ್ಚಿ ನಂಬಿದ ಕೈ ಇದು.

ಜುಲೈ 3, ಗುರುವಾರ

ಬಾಮೈದನನ್ನು ಕರೆದು, ಬೋರ್ಡಿನಿಂದ ನನ್ನ ಹೆಸರು ತೆಗೆಸು ಎಂದೆ. "ಆಗಸ್ಟ್ ಬರ್ಲಿ ಭಾವ" ಅಂದ. ಆಗಸ್ಟ್ ಬಂದು ಏನು ಕಡಿದು ಗುಡ್ಡೆ ಹಾಕುತ್ತದೆ ಎಂದು ರೇಗಿದೆ. ಆಮೇಲೆ ನಾಚಿಕೆಯಾಯಿತು. ಅವನು ಒಬ್ಬ ಮುದುಕನನ್ನೂ ನನ್ನನ್ನೂ ಒಟ್ಟಿಗೆ ಉಳಿಸಿದವನು.

ಜುಲೈ 8, ಮಂಗಳವಾರ

ಡಾಕ್ಟರಮ್ಮನಿಗೆ ಮಾತ್ರೆಯ ವಿಷಯ ಹೇಳಿಬಿಟ್ಟೆ. ಅವಳು ನನ್ನ ಬಲಗೈ ತೋರುಬೆರಳು ಹಿಡಿದು ಕಾರ್ಡಿನ ಮೇಲಿನ ಗೀಚಿನ ಗುಂಟ ಎಳೆದಳು. "ಕಣ್ಣು ಮುಚ್ಚಿ. ಈಗ ಹೇಳಿ, ಏನು ಬರೆದ್ರಿ?"

"ಮ" ಅಂದೆ. ಬಾಯಿಂದ ತಾನಾಗಿ ಬಂತು.

"ನಿಮ್ಮ ಕೈಗೆ ಅಕ್ಷರ ಮರೆತಿಲ್ಲ ಸರ್. ಕಣ್ಣಿಗೆ ಕೈಯೇ ಹೇಳಿಕೊಡಲಿ."

ಇನ್ನೊಂದು ಉಪಾಯ. ಪುಟದ ಬಲ ಅಂಚಿಗೆ ಉದ್ದಕ್ಕೂ ಕೆಂಪು ಟೇಪು ಅಂಟಿಸಬೇಕು. ಟೇಪು ಕಾಣುವವರೆಗೂ ಕತ್ತು ತಿರುಗಿಸಬೇಕು. ಅದು ಕಾಣುವವರೆಗೆ ಸಾಲು ಮುಗಿದಿಲ್ಲ ಎಂದು ಅರ್ಥ. ಮೊದಲು ನಾನು ಎಷ್ಟು ಸಾಲುಗಳನ್ನು ಅರ್ಧದಲ್ಲೇ ಬಿಡುತ್ತಿದ್ದೆನೋ.

ಜುಲೈ 13, ಭಾನುವಾರ

ಪೆಟ್ಟಿಗೆ ಮತ್ತೆ ಕೆಳಗಿಳಿಯಿತು. ಇನ್ನು ನೆನಪಿಗೆ ಅವಕಾಶ ಕೊಡುವುದಿಲ್ಲ. ನಾಲ್ಕನೇ ಸಂಚಿಕೆಯನ್ನು ಕೊನೆಯ ಪುಟದಿಂದ ಹಿಂದಕ್ಕೆ ಓದುತ್ತೇನೆ. ಮಾತ್ರೆ ಡಬ್ಬಿಯ ರಟ್ಟಿನಲ್ಲಿ ಕಿಂಡಿ ಕತ್ತರಿಸಿದ್ದೇನೆ; ಒಂದು ಸಲಕ್ಕೆ ಒಂದೇ ಗುಳ್ಳೆ ಕಾಣುತ್ತದೆ. ಬೆರಳಿಟ್ಟು ಒಂದೊಂದೇ ಅಕ್ಷರ ತಿದ್ದಿ, ಕೂಡಿಸಿ, ಬಾಯಲ್ಲಿ ಹೇಳಿ, ಆಮೇಲೆ ರಟ್ಟು ಎತ್ತಿ ಚಿತ್ರ ನೋಡಿ ನೆನಪಿನೊಂದಿಗೆ ತಾಳೆ ಹಾಕುವುದು. ಚೀಟಿಯನ್ನೂ ಬಾಟಲಿಯನ್ನೂ ತಾಳೆ ನೋಡಿ ಕೊಡುವ ಹಾಗೆಯೇ. ಇದು ನನಗೆ ಗೊತ್ತಿರುವ ಕೆಲಸ.

ಇಡೀ ಮಧ್ಯಾಹ್ನದಲ್ಲಿ ಐದು ಗುಳ್ಳೆ. ಅವುಗಳಲ್ಲಿ ಎರಡು ನಾಯಿಯ "ಬೌ".

ಜುಲೈ 20, ಭಾನುವಾರ

ಒತ್ತಕ್ಷರಗಳು ಪ್ರಾಣ ತಿನ್ನುತ್ತವೆ. ಮೇಲಿನವರ ಜಗಳ ಬಗೆಹರಿಯಿತು ಅನ್ನುವಷ್ಟರಲ್ಲಿ ಕೆಳಗೊಬ್ಬ ಜೋತುಬಿದ್ದಿರುತ್ತಾನೆ. ಆದರೂ ದಿನಕ್ಕೊಂದು ಪುಟ ಸಾಗುತ್ತಿದೆ. ನನ್ನ ನೆನಪು ಎಷ್ಟು ಗಟ್ಟಿ ಎಂದರೆ ಇದುವರೆಗೆ ಒಂದು ಮಾತೂ ತಪ್ಪಿಲ್ಲ. ಉಗುರು ಸಾಹೇಬ ಸೇತುವೆಯಿಂದ ಬೀಳುವಾಗ ಕೂಗುವ ಕೂಗಿನಲ್ಲಿ ಎಷ್ಟು ದೀರ್ಘ ಇದೆಯೋ ಅಷ್ಟೂ ನನಗೆ ಬಾಯಿಪಾಠ. ಅಕ್ಕ ಎಂಥ ಓದುಗಾರ್ತಿ ಎಂದು ಹೆಂಡತಿಗೆ ಹೇಳಿದೆ. ಹನ್ನೊಂದು ವರ್ಷದ ಹುಡುಗಿ, ಒಂದಕ್ಷರ ಬಿಡದೆ ಓದಿದ್ದಾಳೆ.

ಅಕ್ಕನ ಫೋನು ಬಂದಾಗ ಅವಳಿಗೂ ಹೇಳಿದೆ. "ಎಲ್ಲಿವರೆಗೆ ಬಂದೆ?" ಎಂದು ಕೇಳಿದಳು. ಹದಿನೇಳನೇ ಪುಟ, ಹಿಂದಕ್ಕೆ ಹೋಗುತ್ತಿದ್ದೇನೆ ಎಂದೆ. "ಹೂಂ. ಬೇರೆ ಪುಸ್ತಕ ಓದೋ, ಅದೇನು ಒಂದನ್ನೇ" ಅಂದಳು. ಅವಳಿಗೆ ಮೊದಲಿಂದಲೂ ತಾಳ್ಮೆ ಕಡಿಮೆ.

ಜುಲೈ 29, ಮಂಗಳವಾರ

ಜೂನ್ 9ರಂದು ಹನ್ನೆರಡು ಸಂಚಿಕೆ ಎಂದು ಬರೆದಿದ್ದೇನೆ. ತಪ್ಪು. ಹನ್ನೊಂದೇ ಇರುವುದು. ಏಳನೆಯದನ್ನು ಮಗಳು ಶಾಲೆಯಲ್ಲಿ ಕಳೆದಿದ್ದಳು. ಅಲ್ಲಿ ಹೊಡೆದುಹಾಕಿ ತಿದ್ದಿದ್ದೇನೆ. ಜೂನ್ 4ರ ಪುಟವೂ ಶುದ್ಧ ದಂಡ, ಹಿಂದಿನ ದಿನದ್ದನ್ನೇ ಮತ್ತೆ ಹೇಳಿದ್ದೇನೆ.

ಮನಸ್ಸು ಚೆನ್ನಾಗಿಲ್ಲ. ಇನ್ನು ಎರಡೂವರೆ ವಾರ. ಏನೂ ಮುಂದುವರಿದಂತೆ ಕಾಣುತ್ತಿಲ್ಲ. ಒಂದು ಗುಳ್ಳೆಗೆ ಈಗಲೂ ಐದು ನಿಮಿಷ ಬೇಕು, ಅಂಗಡಿಯಲ್ಲಿ ಹತ್ತು ಜನ ನಿಂತಿರುತ್ತಾರೆ. ಹೆಂಡತಿ ಇದನ್ನು ಬರೆಯುವಾಗ ಭುಜದ ಮೇಲಿಂದ ಇಣುಕಿ, ತಿದ್ದಿದ ಜಾಗ ನೋಡಿ, "ಇದು ಯಾರು ತಿದ್ದಿದ್ದು?" ಎಂದು ಕೇಳಿದಳು. ನಾನೇ, ಮತ್ಯಾರು ಎಂದೆ. ಅವಳು ನನ್ನ ತಲೆ ಸವರಿ ಹೋದಳು. ಕರುಣೆ ತೋರಿಸಿದರೆ ನನಗೆ ಆಗುವುದಿಲ್ಲ.

ಆಗಸ್ಟ್ 5, ಮಂಗಳವಾರ

ಇವತ್ತು ಮನೆಯಲ್ಲಿ ದೊಡ್ಡ ರಾದ್ಧಾಂತ.

ಮೂರನೇ ಪುಟಕ್ಕೆ ಬಂದಿದ್ದೆ. ಟೇಪು ಕಾಣುವವರೆಗೆ ಕತ್ತು ತಿರುಗಿಸಿ, ಬಲ ಮೂಲೆಯಲ್ಲಿ, ಪುಟದ ಅಂಚಿಗೆ ಒತ್ತಿಕೊಂಡಿರುವ ಒಂದು ಗುಳ್ಳೆಯ ಮೇಲೆ ಕಿಂಡಿ ಇಟ್ಟೆ. ಇಕ್ಕಟ್ಟಾದ ಸಣ್ಣ ಅಕ್ಷರ. ಬೆರಳಿಟ್ಟು ಕೂಡಿಸುತ್ತಾ ಹೋದೆ. "ಹೋಗು ಮಗನೇ. ನೀನು ಬರುವಷ್ಟರಲ್ಲಿ ನಾನು ಇಲ್ಲದೆ ಹೋದರೆ"

ಇಂಥ ಮಾತು ಈ ಪುಸ್ತಕದಲ್ಲಿ ಎಲ್ಲೂ ಇಲ್ಲ. ರಟ್ಟು ಎತ್ತಿದೆ. ಹೊಸ್ತಿಲಲ್ಲಿ ತಾಯಿ. ನನ್ನ ಚೌಕ! ಮತ್ತೆ ಬೆರಳಿಟ್ಟೆ. ಅದೇ ಬಂತು. ಮುಂದೆ ಓದುವ ಮನಸ್ಸಾಗಲಿಲ್ಲ, ಸಿಟ್ಟು ನೆತ್ತಿಗೇರಿತು.

"ಈ ಪುಸ್ತಕ ಯಾರು ಬದಲಾಯಿಸಿದ್ದು?" ಎಂದು ಕೂಗಿದೆ.

ಹೆಂಡತಿ ಒದ್ದೆ ಕೈಯಲ್ಲೇ ಓಡಿಬಂದಳು. "ಏನಾಯ್ತ್ರೀ?"

"ಇಲ್ಲಿ ತಪ್ಪು ಅಚ್ಚಾಗಿದೆ! ಬಾಗಿಲು ತೆರೆದಿಟ್ಟು ಕೂತಿರ್ತೀನಿ ಅಂತ ಇರಬೇಕು. ಐವತ್ತು ವರ್ಷದಿಂದ ಓದಿದ್ದೀನಿ, ನನಗೆ ಗೊತ್ತಿಲ್ವಾ?"

"ಅಲ್ಲಿ ಏನಂತ ಇದೆ?"

"ನಾನು ಇಲ್ಲದೆ ಹೋದರೆ ಅಂತಿದೆ! ಹೋಗು ಮಗನೇ, ನೀನು ಬರುವಷ್ಟರಲ್ಲಿ ನಾನು ಇಲ್ಲದೆ ಹೋದರೆ! ಯಾವ ತಾಯಿ ಹೀಗೆ ಹೇಳ್ತಾಳೆ?"

ಅವಳು ಬಗ್ಗಿ ನೋಡಿದಳು. ಆಮೇಲೆ ಸ್ಟೂಲಿನ ಮೇಲೆ ಕುಸಿದು ಕೂತು ಅಳತೊಡಗಿದಳು. ನನಗೆ ದಿಕ್ಕೇ ತೋಚಲಿಲ್ಲ. ಒಂದು ಹಳೇ ಪುಸ್ತಕದ ಮಾತಿಗೆ ಇಷ್ಟು ಅಳುವುದೇ?

"ರೀ, ನೀವು ಓದಿದ್ರಿ" ಅಂದಳು.

"ಓದಿದೆ ಕಣೇ, ಅದನ್ನೇ ಹೇಳ್ತಿರೋದಲ್ವಾ! ತಪ್ಪಿದೆ ಅಂತ!"

"ನಿಮಗೆ ನೆನಪಿಲ್ಲದೇ ಇರೋದನ್ನ ಓದಿದ್ರಿ" ಅಂದಳು. ಅಳುತ್ತಾ ನಗುತ್ತಿದ್ದಳು. ನನ್ನ ಸಿಟ್ಟು ಇಳಿಯಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನಾನೂ ಅವಳ ಪಕ್ಕ ನೆಲದ ಮೇಲೆ ಕೂತೆ.

ಆದರೂ ಈ ವಿಷಯ ಇಲ್ಲಿಗೆ ಬಿಡುವುದಿಲ್ಲ. ನಾಳೆ ಅಕ್ಕನನ್ನು ಕೇಳುತ್ತೇನೆ.

ಆಗಸ್ಟ್ 6, ಬುಧವಾರ

ಬೆಳಿಗ್ಗೆ ಒಂಬತ್ತಕ್ಕೆ ನಾನೇ ಫೋನು ಮಾಡಿದೆ. ಭಾನುವಾರವಲ್ಲದ ದಿನ ನನ್ನ ದನಿ ಕೇಳಿ ಅಕ್ಕ ಗಾಬರಿಯಾದಳು.

"ಮೂರನೇ ಪುಟಕ್ಕೆ ಬಂದೆ ಅಕ್ಕ" ಅಂದೆ.

ಹೊಲಿಗೆ ಯಂತ್ರದ ಚಕ್ರ ಕೈಯಲ್ಲಿ ನಿಲ್ಲಿಸಿದ ಸದ್ದು ಕೇಳಿಸಿತು.

"ನಿನಗೆ ಯಾವತ್ತೋ ಗೊತ್ತಾಗಿರತ್ತೆ ಅಂತ ಅಂದ್ಕೊಂಡಿದ್ದೆ" ಅಂದಳು. "ಓದೋಕೆ ಕಲಿತ ವರ್ಷವೇ ಗೊತ್ತಾಗಿರತ್ತೆ, ನನ್ನ ಮನಸ್ಸಿಗೆ ಬೇಜಾರಾಗಬಾರದು ಅಂತ ಸುಮ್ಮನಿದ್ದೀಯ ಅಂತ. ಪ್ರತಿ ಸಲ ನೀನು ಆ ಪುಸ್ತಕದ ಮಾತೆತ್ತಿದಾಗ ನಾನು ಮಾತು ಬದಲಾಯಿಸ್ತಿದ್ದೆ ಕಣೋ."

"ನನಗೆ ನೀನು ಹೇಳಿದ್ದು ಬಾಯಿಪಾಠ ಆಗಿತ್ತಲ್ಲ. ಆ ಗುಳ್ಳೆ ನಾನು ಓದೇ ಇಲ್ಲ. ಮಗಳಿಗೂ ನಿನ್ನ ಮಾತೇ ಓದಿ ಹೇಳಿದ್ದೀನಿ."

ಮೂವತ್ತೊಂದು ವರ್ಷ ಯಾರ ಕೈಬರಹವನ್ನೂ ಊಹೆಯ ಮೇಲೆ ಓದದವನು, ನನಗೆ ಎಲ್ಲಕ್ಕಿಂತ ಇಷ್ಟವಾದ ಪುಟವನ್ನು ಒಮ್ಮೆಯೂ ಓದಿರಲಿಲ್ಲ. ಓದು ಕಳೆದುಕೊಂಡ ಮೇಲೆ ಓದಿದೆ.

"ಅವತ್ತೇ ಬೆಳಿಗ್ಗೆ ಅಪ್ಪನ ಕಾಗದ ಬಂದಿತ್ತು" ಅಕ್ಕ ಹೇಳಿದಳು. "ಅಮ್ಮನಿಗೆ ಇನ್ನೊಂದು ಆಪರೇಷನ್ ಅಂತ. ಚಿಕ್ಕಪ್ಪ ನನಗೆ ಕೊಟ್ಟು ಓದಿಸಿದ. ಮಧ್ಯಾಹ್ನ ಮೇಜಿನ ಕೆಳಗೆ ನಿನಗೆ ಓದ್ತಾ ಓದ್ತಾ ಆ ಜಾಗಕ್ಕೆ ಬಂದೆ. ನಾನು ಇಲ್ಲದೆ ಹೋದರೆ. ಅಷ್ಟು ನೋಡಿದ್ದೇ ಓದೋದು ನಿಲ್ಲಿಸ್ದೆ. ನೀನು ಮುಖ ನೋಡ್ತಾ ಕೂತಿದ್ದೆ. ಬಾಯಿಗೆ ಬಂದಿದ್ದು ಹೇಳಿ ಪುಟ ತಿರುವು ಅಂದೆ."

"ನನಗೆ ನೀನು ಹೇಳಿದೆ. ನಿನಗೆ ಯಾರಿದ್ರು ಅಕ್ಕ?"

"ನನಗೆ ಓದೋಕೆ ಬರ್ತಿತ್ತಲ್ಲ, ಅದೇ ತೊಂದರೆ."

ನಾಲ್ಕು ತಿಂಗಳು ನಾನು ಆ ಮೇಜಿನ ಕೆಳಗೆ ನೆಮ್ಮದಿಯಾಗಿ ನಿದ್ದೆ ಹೋದದ್ದು ನೆನಪಾಯಿತು. ನನ್ನ ಪಕ್ಕದಲ್ಲಿ ಅವಳು ಎಚ್ಚರವಾಗಿರುತ್ತಿದ್ದಳೋ ಏನೋ. ಆರು ವರ್ಷದವನಿಗೆ ಅದನ್ನೆಲ್ಲ ನೋಡಲು ಗೊತ್ತಿರಲಿಲ್ಲ. ನನ್ನ ಕಣ್ಣು ತುಂಬಿ ಬಂತು, ಪುಟವೂ ಕಾಣದಾಯಿತು.

"ಅದಾದ ಮೇಲೆ ಆ ಪುಟ ನೀನು ತೆಗೆದು ನೋಡಲೇ ಇಲ್ವಾ?"

"ಇವತ್ತಿಗೂ ಇಲ್ಲ. ಇಲ್ಲದೆ ಹೋದರೆ ಅಂತಷ್ಟೇ ನಾನು ಓದಿದ್ದು. ಮುಂದೆ ಏನಾದ್ರೂ ಇದೆಯೇನೋ?"

ನಾನೂ ನಿನ್ನೆ ಅಲ್ಲಿಗೇ ನಿಲ್ಲಿಸಿದ್ದೆ. ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ. ಕನ್ನಡಕ ಒರೆಸಿಕೊಂಡೆ. ಕತ್ತು ಬಲಕ್ಕೆ ತಿರುಗಿಸಿದೆ. ಗುಳ್ಳೆಯಲ್ಲಿ ಇನ್ನೂ ಮೂರು ಸಾಲು ಇದ್ದವು.

"ಇದೆ ಅಕ್ಕ. ಸ್ವಲ್ಪ ತಡೆ, ನನಗೆ ಹೊತ್ತು ಹಿಡಿಯತ್ತೆ."

"ನನಗೇನೂ ಅವಸರ ಇಲ್ಲ" ಅಂದಳು.

ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದೆ. ಎರಡು ಕಡೆ ತಪ್ಪಿತು, ಹಿಂದೆ ಹೋಗಿ ಮತ್ತೆ ಹಿಡಿದೆ. ಅಕ್ಕ ಒಮ್ಮೆಯೂ ಬಾಯಿ ಹಾಕಲಿಲ್ಲ, ಅವಳ ಉಸಿರಾಟ ಮಾತ್ರ ಕೇಳುತ್ತಿತ್ತು. ಟೇಪಿನವರೆಗೆ ಹೋಗಿ, ಮೊದಲಿಂದ ಒಟ್ಟಿಗೆ ಸೇರಿಸಿ ಅವಳಿಗೆ ಓದಿ ಹೇಳಿದೆ:

"ಹೋಗು ಮಗನೇ. ನೀನು ಬರುವಷ್ಟರಲ್ಲಿ ನಾನು ಇಲ್ಲದೆ ಹೋದರೆ ಬೀಗದ ಕೈ ಕಿಟಕಿಯ ಮೇಲಿರುತ್ತದೆ. ಊಟ ಮುಚ್ಚಿಟ್ಟಿರುತ್ತೇನೆ, ಉಂಡು ಮಲಗು. ಕೆಲಸ ಮುಗಿಸಿ ಬಂದು ನಾನೇ ಎಬ್ಬಿಸುತ್ತೇನೆ."

ಲೈನು ಹೋಯಿತೇನೋ ಎಂದು ಹಲೋ ಅಂದೆ.

"ಇನ್ನೊಂದ್ಸಲ ಓದೋ" ಅಂದಳು ಅಕ್ಕ.

ಇನ್ನೊಂದು ಸಲ ಓದಿದೆ. ಈ ಸಲ ಸ್ವಲ್ಪ ಬೇಗ ಬಂತು.